ಮಾಗೂರ್ ಗಂಡನ್ನ ಸಾಯಿಸ್ದೆ ಟೆಸ್ಟಿಸ್ ತೆಗೆಯೋದು: ಮೀನು ಆರಿಸೋದ್ರಿಂದ ಹೊಲಿಗೆ ಬಿಚ್ಚೋವರೆಗೆ

ಕಟ್ಲಾ, ರೋಹು ಮೀನಿನ ಮರಿ ಮಾಡಿಸಿದ್ದವರು ಮಾಗೂರಿಗೆ, ಅಂದ್ರೆ ಮೀಸೆ ಇರೋ ಚಿಪ್ಪಿಲ್ಲದ ಕ್ಯಾಟ್‌ಫಿಶ್ಶಿಗೆ, ಬಂದಾಗ ಮೊದಲು ತಬ್ಬಿಬ್ಬಾಗೋದು ಗಂಡು ಮೀನಿನ ವಿಷಯದಲ್ಲಿ. ಕಟ್ಲಾ ಗಂಡನ್ನ ಸೀಜನ್ನಲ್ಲಿ ಹಿಡಿದು ಹೊಟ್ಟೆ ಸ್ವಲ್ಪ ಒತ್ತಿದ್ರೆ ಸಾಕು, ಹಾಲಿನಂಥ ವೀರ್ಯ ಚಿಮ್ಮತ್ತೆ. ಮಾಗೂರ್ ಗಂಡನ್ನ ಎಷ್ಟು ಒತ್ತಿದ್ರೂ ಒಂದು ಹನಿ ಬಂದ್ರೆ ಹೆಚ್ಚು. ಅದರ ಟೆಸ್ಟಿಸ್, ಅಂದ್ರೆ ವೀರ್ಯ ತಯಾರಾಗೋ ವೃಷಣ, ಹೊಟ್ಟೆ ಒಳಗೆ ಬೆನ್ನಿನ ಕಡೆ ಅಂಟ್ಕೊಂಡು ಇರತ್ತೆ, ಹಿಂದುಗಡೆ ಸೆಮಿನಲ್ ವೆಸಿಕಲ್ ಅಂತ ಬೆರಳು ಬೆರಳಾಗಿರೋ ಇನ್ನೊಂದು ಅಂಗ ಇರತ್ತೆ, ಹಂಗಾಗಿ ಹೊರಗಿಂದ ಒತ್ತಿದ್ರೆ ವೀರ್ಯ ಇಳಿಯಲ್ಲ. ಅದಕ್ಕೇ ಎಲ್ಲಾ ಕಡೆ ಇರೋ ಪದ್ಧತಿ ಏನಂದ್ರೆ ಗಂಡನ್ನ ಸಾಯಿಸಿ, ಹೊಟ್ಟೆ ಸೀಳಿ, ಟೆಸ್ಟಿಸ್ ತೆಗೆದು, ಉಪ್ಪುನೀರಲ್ಲಿ ಅರೆದು ಮೊಟ್ಟೆಗೆ ಹಾಕೋದು.

ಇದ್ರಲ್ಲಿ ಆಗೋ ನಷ್ಟ ಒಂದು ಮೀನಿನ ರೇಟಲ್ಲ. ಚೆನ್ನಾಗಿ ಬೆಳೆದಿರೋ, ರೋಗ ತಡ್ಕೊಂಡಿರೋ, ಯಾವ ತಾಯಿಂದ ಹುಟ್ಟಿದ್ದು ಅಂತ ಗೊತ್ತಿರೋ ಗಂಡನ್ನ ಒಂದೇ ಸಲ ಬಳಸಿ ಕಳ್ಕೋತೀವಿ, ಅದರ ಮರಿಗಳು ಹೆಂಗೆ ಬೆಳೆದ್ವು ಅಂತ ಗೊತ್ತಾಗೋ ಹೊತ್ತಿಗೆ ಅಪ್ಪನೇ ಇರಲ್ಲ. ಆಪರೇಷನ್ ಮಾಡಿ ಟೆಸ್ಟಿಸಿನ ಒಂದು ಭಾಗ ಮಾತ್ರ ತೆಗೆದು ಹೊಲಿಗೆ ಹಾಕಿ ಬದುಕಿಸ್ಕೊಳ್ಳೋ ಕೆಲಸ ಇರೋದು ಇದಕ್ಕೆ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಇದು ಎಲ್ಲಾ ಗಂಡಿಗೂ ಮಾಡೋ ಕೆಲಸ ಅಲ್ಲ, ನಿಮ್ಮಲ್ಲಿರೋ ಅತ್ಯುತ್ತಮ ನಾಲ್ಕಾರು ಗಂಡಿಗೆ ಮಾಡೋದು. ಮಾಮೂಲಿ ಗಂಡಿಗೆ ಕುಯ್ದು ಹೊಲ್ದು ವಾರಗಟ್ಲೆ ಬಾಣಂತನ ಮಾಡೋದು ನಿಮಗೂ ದಂಡ, ಮೀನಿಗೂ ಹಿಂಸೆ.

ಯಾವ ಮೀನು ಅನ್ನೋದು ಮೊದಲು ಕ್ಲಿಯರ್ ಆಗ್ಲಿ

ನಾನು ಹೇಳ್ತಿರೋದು ನಾಟಿ ಮಾಗೂರ್, ಕ್ಲೇರಿಯಸ್ ಮಾಗೂರ್. ಈ ಆಪರೇಷನ್ ವಿಧಾನ ಹೆಚ್ಚು ನಡೆದಿರೋದು, ಹೆಚ್ಚು ಸ್ಟಡಿ ಆಗಿರೋದು ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ, ನೈಜೀರಿಯಾ ಕಡೆ. ಆ ಮೀನು ನಮ್ಮ ದೇಶದಲ್ಲಿ 2000ರಿಂದ ಬ್ಯಾನ್, ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಕೂಡ ಗಟ್ಟಿಯಾಗಿ ಹೇಳಿದೆ. ನಮ್ಮ ಕೋಲಾರ, ಹೊಸಕೋಟೆ, ಚಿಂತಾಮಣಿ ಕಡೆ ಕದ್ದುಮುಚ್ಚಿ ಕುಂಟೆ ತೋಡಿ ಕೋಳಿ ವೇಸ್ಟ್ ಹಾಕಿ ಅದನ್ನ ಬೆಳೆಸೋರು ಇದ್ದಾರೆ, ಆಗಾಗ ಅಧಿಕಾರಿಗಳು ಬಂದು ಕುಂಟೆ ಒಡೆದು ಹೋಗೋದೂ ಪೇಪರಲ್ಲಿ ಬರತ್ತೆ. ಅವರಿಗೆ ಅಂತ ನಾನು ಇದನ್ನ ಬರೀತಿಲ್ಲ. ಇನ್ನೊಂದು ತೊಂದರೆ ಅಂದ್ರೆ ಎರಡೂ ಜಾತಿ ಕೂಡಿಸಿದ ಹೈಬ್ರಿಡ್‌ಗಳು ನಾಟಿ ಅಂತ ಮಾರಾಟ ಆಗ್ತಾವೆ. ನಾಟಿ ಮಾಗೂರ್ ಕಾಲು ಕೆಜಿ ಆಚೀಚೆ ಬೆಳೆಯೋ ಮೀನು, ಯಾರಾದ್ರೂ ಒಂದು ಕೆಜಿ ದಾಟಿದ ನಾಟಿ ಗಂಡಿದೆ ಬನ್ನಿ ಅಂದ್ರೆ ಅನುಮಾನ ಪಡಿ. ಬ್ರೂಡ್ ಸ್ಟಾಕ್ ಅನ್ನ, ಅಂದ್ರೆ ಮರಿ ಮಾಡಿಸೋಕೆ ಇಟ್ಕೊಳ್ಳೋ ಮೀನನ್ನ, ನಂಬಿಕಸ್ತ ಜಾಗದಿಂದ ತನ್ನಿ. ಹೆಸರಘಟ್ಟದಲ್ಲಿ ಸಿಫಾ (ಕೇಂದ್ರ ಸಿಹಿನೀರು ಮೀನುಸಾಕಣೆ ಸಂಸ್ಥೆ) ಪ್ರಾದೇಶಿಕ ಕೇಂದ್ರ ಇದೆ, ಪಶು ವಿವಿಯ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರನೂ ಅಲ್ಲೇ ಇದೆ, ಕೋಲಾರದಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಹೋಗಿ ಕೇಳಿ.

ಗಂಡು ಆರಿಸೋದು

ಗಂಡನ್ನ ಗುರುತಿಸೋದು ಸುಲಭ. ಮೀನನ್ನ ಮಗುಚಿ ಹಿಡಿದ್ರೆ ಗುದದ್ವಾರದ ಹಿಂದೆ ಗಂಡಿಗೆ ಉದ್ದಕ್ಕೆ ಚೂಪಾಗಿರೋ ಪ್ಯಾಪಿಲ್ಲ, ಅಂದ್ರೆ ಮೊಲೆತೊಟ್ಟಿನಂಥ ಸಣ್ಣ ಉಬ್ಬು, ಕಾಣತ್ತೆ, ಹೆಣ್ಣಿಗೆ ಅದು ಗುಂಡಗೆ ಗುಂಡಿ ಥರ ಇರತ್ತೆ. ಸೀಜನ್ನಲ್ಲಿ ಗಂಡಿನ ಪ್ಯಾಪಿಲ್ಲದ ತುದಿ ಕೆಂಪಗಾಗತ್ತೆ. ಆಪರೇಷನ್ನಿಗೆ ಅಂದ್ರೆ ಒಂದು ವರ್ಷ ತುಂಬಿರೋ, 200 ಗ್ರಾಂಗೆ ಕಮ್ಮಿ ಇಲ್ಲದ ಗಂಡೇ ಬೇಕು. 120, 150 ಗ್ರಾಂ ಮೀನು ಬ್ರೀಡಿಂಗಿಗೆ ಬರತ್ತೆ ನಿಜ, ಆದ್ರೆ ಅದರ ಹೊಟ್ಟೆ ಒಳಗೆ ಫೋರ್ಸೆಪ್ಸ್ (ಚಿಮಟ) ಆಡಿಸೋಕೆ ಜಾಗನೇ ಇರಲ್ಲ. ಮೈಮೇಲೆ ಗಾಯ, ಬಿಳಿ ಮಚ್ಚೆ, ಮೀಸೆ ತುಂಡಾಗಿರೋದು, ಹೊಟ್ಟೆ ಉಬ್ಬರ, ಇವೇನಿದ್ರೂ ಆ ಮೀನು ಬೇಡ.

ಹಿಡಿಯುವಾಗ ಎದೆ ರೆಕ್ಕೆಯ ಮುಳ್ಳು ಜ್ಞಾಪಕ ಇರ್ಲಿ, ಅದ್ರಲ್ಲಿ ವಿಷ ಇದೆ, ಚುಚ್ಚಿದ್ರೆ ಕೈ ಸಂಜೆವರೆಗೂ ಪಟಪಟ ಅನ್ನತ್ತೆ. ತಲೆ ಹಿಂದೆ ಎರಡೂ ಮುಳ್ಳಿನ ಬುಡಕ್ಕೆ ಹೆಬ್ಬೆರಳು ತೋರುಬೆರಳು ಒತ್ತಿ ಹಿಡೀಬೇಕು, ಒದ್ದೆ ಬಟ್ಟೆ ಇದ್ರೆ ಇನ್ನೂ ವಾಸಿ. ಒಣ ಕೈ, ಒಣ ಬಟ್ಟೆ ಬೇಡವೇ ಬೇಡ. ಮಾಗೂರಿಗೆ ಚಿಪ್ಪು ಇಲ್ಲ, ಮೈಮೇಲಿನ ಲೋಳೆನೇ ಅದಕ್ಕಿರೋ ಕಾವಲು, ಅದನ್ನ ಒರೆಸಿಬಿಟ್ರೆ ಹೊಲಿಗೆ ಎಷ್ಟೇ ಚೆನ್ನಾಗಿ ಹಾಕಿದ್ರೂ ಫಂಗಸ್ ಹತ್ತತ್ತೆ.

ಟೈಮ್ ಮತ್ತು ನೀರು

ಮಾಗೂರಿನ ಸೀಜನ್ ಮುಂಗಾರು, ಜೂನಿಂದ ಆಗಸ್ಟ್. ನಮ್ಮ ಕಡೆ ಆರಿದ್ರಾ ಮಳೆ ಹೆಸರಿಗೆ ಬಂದು ಹೋಗತ್ತೆ, ಕೆರೆ ತುಂಬೋ ಮಳೆ ಬರೋದು ಹುಬ್ಬೆ ಉತ್ತರೆಯಲ್ಲಿ, ಹಂಗಂತ ಮಳೆ ನೋಡ್ಕೊಂಡು ಕಾಯೋಕಾಗಲ್ಲ, ಗಂಡಿನ ಪ್ಯಾಪಿಲ್ಲ ನೋಡಿ ಹೆಣ್ಣಿನ ಹೊಟ್ಟೆ ನೋಡಿ ತೀರ್ಮಾನ ಮಾಡಿ. ನೀರು 27, 28 ಡಿಗ್ರಿ ಇರಬೇಕು. ನವೆಂಬರ್ ಆದ್ಮೇಲೆ ಕೋಲಾರದ ರಾತ್ರಿ ಚಳೀಲಿ ತೊಟ್ಟಿ ನೀರು ತಣ್ಣಗಾಗಿರತ್ತೆ, ಗಾಯ ಮಾಯೋದು ತೀರಾ ನಿಧಾನ, ಆ ಟೈಮಲ್ಲಿ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಬೋರ್ ನೀರನ್ನ ನೇರ ತೊಟ್ಟಿಗೆ ಬಿಡೋ ಅಭ್ಯಾಸ ಇದ್ರೆ ಬಿಟ್ಬಿಡಿ. ಆಳದಿಂದ ಬಂದ ನೀರಲ್ಲಿ ಆಕ್ಸಿಜನ್ ಇರಲ್ಲ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರತ್ತೆ, ಒಂದು ರಾತ್ರಿ ಸಿಂಟೆಕ್ಸಲ್ಲಿ ತುಂಬಿಸಿ ಏರೇಟರ್ ಓಡ್ಸಿ ಆಮೇಲೆ ಬಳಸಿ. ಕೆಸಿ ವ್ಯಾಲಿ ನೀರು ತುಂಬಿರೋ ಕೆರೆ ಪಕ್ಕದಲ್ಲೇ ಇದೆ, ಪಂಪ್ ಇಟ್ಟು ಎತ್ಕೋತೀನಿ ಅಂತ ಕೇಳ್ತಾರೆ ಕೆಲವರು. ಅದು ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಬಿಟ್ಟಿರೋದು, ಅಂತರ್ಜಲಕ್ಕೆ ಸರಿ, ಹೊಟ್ಟೆ ಕುಯ್ದಿರೋ ಮೀನಿಗೆ ಖಂಡಿತ ಅಲ್ಲ.

ಹಾರ್ಮೋನ್ ಲೆಕ್ಕ ಹೆಣ್ಣಿನ ಕಡೆಯಿಂದ ಶುರು ಮಾಡಿ. ಓವಾಪ್ರಿಮ್, ಓವಾಟೈಡ್ ಥರದ ಮೊಟ್ಟೆ ಇಳಿಸೋ ಹಾರ್ಮೋನ್ ಇಂಜೆಕ್ಷನ್ ಹೆಣ್ಣಿಗೆ ಕೆಜಿಗೆ 1ರಿಂದ 1.5 ಎಂಎಲ್, ಗಂಡಿಗೆ ಅದರ ಅರ್ಧ. 28 ಡಿಗ್ರೀಲಿ ಇಂಜೆಕ್ಷನ್ ಆದ 15, 17 ಗಂಟೆಗೆ ಹೆಣ್ಣು ಮೊಟ್ಟೆ ಬಿಡೋ ಹದಕ್ಕೆ ಬರತ್ತೆ. ಸಂಜೆ ಐದೂವರೆಗೆ ಚುಚ್ಚಿದ್ರೆ ಬೆಳಗ್ಗೆ ಒಂಬತ್ತರ ಆಸುಪಾಸು. ಗಂಡಿನ ಆಪರೇಷನ್ ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಇಟ್ಕೊಳ್ಳಿ, ಟೆಸ್ಟಿಸ್ ಕಾಯಬಹುದು, ಇಳಿದ ಮೊಟ್ಟೆ ಕಾಯಲ್ಲ. ಗಂಡಿಗೆ ಹಿಂದಿನ ದಿನದಿಂದಲೇ ಊಟ ಬಂದ್ ಮಾಡಿರ್ಬೇಕು. ಕರುಳು ತುಂಬಿದ್ರೆ ಒಳಗೆ ಏನೂ ಕಾಣಲ್ಲ, ಚಾಕು ತಗುಲಿದ್ರಂತೂ ಕಥೆ ಮುಗೀತು.

ಸಾಮಾನು ಜೋಡಿಸ್ಕೊಳ್ಳೋದು

ಮೊದಲ ಸಾಮಾನು ಪಶುವೈದ್ಯರು. ತಮಾಷೆ ಅಲ್ಲ. ನಿಮ್ಮೂರಿನ ಡಾಕ್ಟ್ರು ಮೀನಿಗೆ ಆಪರೇಷನ್ ಮಾಡಿರಲ್ಲ, ಆದ್ರೆ ಹಸುಗೆ ನಾಯಿಗೆ ಮಾಡಿ ಕೈ ಪಳಗಿರತ್ತೆ. ಮೀನಿನ ಒಳಗಿನ ನಕ್ಷೆ ನಿಮಗೆ ಗೊತ್ತು, ಹೊಲಿಗೆ ಅವರಿಗೆ ಗೊತ್ತು, ಇಬ್ರೂ ಸೇರಿದ್ರೆ ಕೆಲಸ ಆಗತ್ತೆ. ಹೆಂಗೂ ಸಾಯಿಸೋ ಗಂಡುಗಳು ಇರ್ತಾವಲ್ಲ, ಸತ್ತ ಮೇಲೆ ಅವುಗಳ ಮೇಲೆ ಕುಯ್ಯೋದು, ಹುಡುಕೋದು, ಹೊಲಿಯೋದು ಎಲ್ಲಾ ಪ್ರಾಕ್ಟೀಸ್ ಮಾಡಿ. ಕಣ್ಣುಮುಚ್ಚಿ ಟೆಸ್ಟಿಸ್ ಎಲ್ಲಿದೆ ಹೇಳೋವರೆಗೂ ಜೀವಂತ ಮೀನಿನ ಹತ್ರ ಹೋಗ್ಬೇಡಿ.

ಉಳಿದಿದ್ದು: 15 ನಂಬರ್ ಸರ್ಜಿಕಲ್ ಬ್ಲೇಡು ಹಿಡಿ ಸಮೇತ, ಮೊಂಡು ತುದಿಯ ಫೋರ್ಸೆಪ್ಸ್ ಎರಡು, ಸಣ್ಣ ಕತ್ತರಿ, ರಕ್ತನಾಳ ಹಿಡಿಯೋಕೆ ಆರ್ಟರಿ ಫೋರ್ಸೆಪ್ಸ್, ನೀಡಲ್ ಹೋಲ್ಡರ್, 3-0 ಅಥವಾ 4-0 ಮೋನೋಫಿಲಮೆಂಟ್ ನೈಲಾನ್ ದಾರ ಕಟಿಂಗ್ ಸೂಜಿ ಇರೋದು. ರೇಷ್ಮೆ ದಾರ ಬೇಡ, ಹೆಣೆದ ದಾರ ನೀರನ್ನ ಬತ್ತಿ ಥರ ಹೀರಿ ಗಾಯದೊಳಕ್ಕೆ ಎಳ್ಕೊಳ್ಳತ್ತೆ, ಅದರ ಜೊತೆ ಬ್ಯಾಕ್ಟೀರಿಯಾನೂ ಹೋಗತ್ತೆ. ಕ್ಯಾಟ್‌ಗಟ್ ಕೂಡ ಬೇಡ, ಮೀನಿನ ಮೈಗೆ ಅದು ಆಗಿಬರಲ್ಲ, ಸುತ್ತ ಊದ್ಕೊಳ್ಳತ್ತೆ. ಪೋವಿಡೋನ್ ಅಯೋಡಿನ್, ಸ್ಟೆರೈಲ್ ಗಾಜ್ (ಗಾಯಕ್ಕೆ ಕಟ್ಟೋ ಜಾಳು ಬಟ್ಟೆ), ಮೆಡಿಕಲ್‌ನಲ್ಲಿ ಸಿಗೋ 0.9 ಪರ್ಸೆಂಟ್ ಸಲೈನ್ ಬಾಟ್ಲು, ಪೆಟ್ರಿ ಡಿಶ್, ಐಸ್ ಬಾಕ್ಸು. ಮೀನು ಮಲಗಿಸೋಕೆ ದಪ್ಪ ಸ್ಪಾಂಜಿಗೆ ಉದ್ದಕ್ಕೆ ವಿ ಆಕಾರದ ಕಾಲುವೆ ಕುಯ್ದು ಟ್ರೇನಲ್ಲಿಡಿ. ಸಣ್ಣ ಪೈಪಲ್ಲಿ ಬಾಯೊಳಗೆ ನೀರು ಹರಿಸೋ ವ್ಯವಸ್ಥೆ ಬೇಕು, ಡ್ರಿಪ್ ಸೆಟ್ಟೇ ಸಾಕು.

ಮೀನಿಗೆ ಮತ್ತು ಬರಿಸಿ ಮಲಗಿಸೋದು

ಮತ್ತು ಬರಿಸೋಕೆ ಬಳಸೋದು ಲವಂಗದ ಎಣ್ಣೆ. ಅದು ನೀರಲ್ಲಿ ಸರಿಯಾಗಿ ಕರಗಲ್ಲ, ನೀರಿಗಿಂತ ಭಾರ, ಹನಿ ಹನಿಯಾಗಿ ತಳಕ್ಕಿಳಿಯತ್ತೆ. ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಬಾಟ್ಲಲ್ಲಿ ಕುಲುಕಿ ಇಟ್ಕೊಳ್ಳಿ. ಸರ್ಜಿಕಲ್ ಸ್ಪಿರಿಟ್ ಹಾಕ್ಬೇಡಿ, ಅದ್ರಲ್ಲಿ ಬೇರೇನೇನೋ ಬೆರೆತಿರತ್ತೆ. ಈ ಮಿಕ್ಸ್ ಲೀಟರಿಗೆ 1 ಎಂಎಲ್ ಹಾಕಿದ್ರೆ ಸುಮಾರು 100 ಮಿಲಿಗ್ರಾಂ ಲೆಕ್ಕ. 10 ಲೀಟರ್ ಟಬ್ಬಿಗೆ 5 ಎಂಎಲ್‌ನಿಂದ ಶುರು ಮಾಡಿ, ಐದು ನಿಮಿಷಕ್ಕೂ ಮಲಗಲಿಲ್ಲ ಅಂದ್ರೆ ಸ್ವಲ್ಪ ಸ್ವಲ್ಪನೇ ಏರಿಸಿ 10 ಎಂಎಲ್‌ವರೆಗೆ ಹೋಗಿ. ಮಾಗೂರ್ ಗಾಳಿ ಉಸಿರಾಡೋ ಮೀನು, ಮೇಲೆ ಬಂದು ಗಾಳಿ ಕುಡೀತಾ ಇರೋದ್ರಿಂದ ಔಷಧಿ ಹಿಡಿಯೋದು ಲೇಟು, ಆ ಆತುರಕ್ಕೆ ಒಂದೇ ಸಲ ಡೋಸ್ ಸುರಿಯೋರೇ ಹೆಚ್ಚು. ಟಬ್ ಮೇಲೆ ಬಲೆ ಮುಚ್ಚಿರಿ, ಹಾರಿಬಿಡತ್ತೆ.

ಮೊದಲು ವಾಲಾಡತ್ತೆ, ಆಮೇಲೆ ಹೊಟ್ಟೆ ಮೇಲಾಗಿ ಮಗುಚ್ಕೊಳ್ಳತ್ತೆ. ಇಷ್ಟಾದ ತಕ್ಷಣ ಎತ್ಕೊಂಡು ಬರಬಾರದು. ಬಾಲದ ಬುಡ ಜೋರಾಗಿ ಚಿವುಟಿ ನೋಡಿ. ನಮ್ಮ ಹುಡುಗ ಯಾವಾಗ್ಲೂ ಇಲ್ಲೇ ತಡೆಯೋದು, "ಅಣ್ಣೋ, ಇನ್ನಾ ಬಾಲ ಒದರ್ತೈತೆ, ಇಕ್ಕು ಕೆಳಗೆ" ಅಂತಾನೆ, ಅವನ ಮಾತು ಸರಿ. ಚಿವುಟಿದ್ರೂ ಅಲ್ಲಾಡಬಾರದು, ಕಿವಿರಿನ ಮುಚ್ಚಳ ಮಾತ್ರ ನಿಧಾನಕ್ಕೆ ಒಂದೇ ಲಯದಲ್ಲಿ ಆಡ್ತಿರಬೇಕು. ಆ ಮುಚ್ಚಳನೂ ನಿಂತ್ರೆ ಡೋಸ್ ಜಾಸ್ತಿ ಆಯ್ತು ಅಂತ, ಕೂಡ್ಲೇ ಒಳ್ಳೆ ನೀರಿಗೆ ಹಾಕಿ. ಆಪರೇಷನ್ ನಡೆಯುವಾಗ ಬಾಯಿಗೆ ಹರಿಸೋ ನೀರಲ್ಲಿ ಅರ್ಧ ಡೋಸ್ ಇರಲಿ.

ಕುಯ್ಯೋದು, ತೆಗೆಯೋದು

ಮೀನನ್ನ ಸ್ಪಾಂಜಿನಲ್ಲಿ ಅಂಗಾತ ಮಲಗಿಸಿ, ತಲೆ ಬಾಲದ ಮೇಲೆ ಒದ್ದೆ ಗಾಜ್ ಹಾಕಿ, ಪೈಪು ಬಾಯಿಗೆ ಇಡಿ. ಕುಯ್ಯೋ ಜಾಗಕ್ಕೆ ಅಯೋಡಿನ್ ಒಂದ್ಸಲ ಮೆತ್ತಗೆ ಹಚ್ಚಿ, ಗಸಗಸ ಉಜ್ಜೋದು ಬೇಡ. ಜಾಗ ಯಾವುದಂದ್ರೆ ಹೊಟ್ಟೆಯ ನಡುಗೆರೆ, ಹೊಟ್ಟೆ ರೆಕ್ಕೆಗಳ ಬುಡದಿಂದ ಒಂದು ಸೆಂಟಿಮೀಟರ್ ಮುಂದೆ ಬಿಟ್ಟು ಅಲ್ಲಿಂದ ತಲೆ ಕಡೆಗೆ ಎರಡು, ಎರಡೂವರೆ ಸೆಂಟಿಮೀಟರ್. ರೆಕ್ಕೆಗಳ ಮಧ್ಯಕ್ಕೆ ಹೋದ್ರೆ ಮೂಳೆ ಸಿಗತ್ತೆ. ಬ್ಲೇಡನ್ನ ಮಲಗಿಸಿ ಹಿಡಿದು ಮೊದಲು ಚರ್ಮ, ಆಮೇಲೆ ಮಾಂಸದ ಪದರ, ಕೊನೇ ತೆಳು ಪೊರೆಯನ್ನ ಫೋರ್ಸೆಪ್ಸಲ್ಲಿ ಮೇಲಕ್ಕೆತ್ತಿ ಕತ್ತರಿ ತುದೀಲಿ ತೂತು ಮಾಡಿ ಬಿಡಿಸಿ. ಬ್ಲೇಡಿನಿಂದ ಪೊರೆ ಕುಯ್ಯೋಕೆ ಹೋದ್ರೆ ಕೆಳಗೆ ಕರುಳೇ ಇರೋದು.

ತೆರೆದ ಕೂಡ್ಲೇ ಕರುಳು, ಕೊಬ್ಬು ಕಾಣತ್ತೆ, ತಲೆ ಕಡೆ ಕಂದು ಬಣ್ಣದ ಲಿವರ್, ಅದರ ಹತ್ರ ಹಸಿರು ಪಿತ್ತಕೋಶ. ಪಿತ್ತಕೋಶ ಒಡೆದ್ರೆ ಆ ಮೀನು ಉಳಿಯಲ್ಲ ಅಂತಲೇ ಲೆಕ್ಕ. ಕರುಳನ್ನ ಒದ್ದೆ ಫೋರ್ಸೆಪ್ಸಲ್ಲಿ ಪಕ್ಕಕ್ಕೆ ಸರಿಸಿ, ಹೊರಗೆ ಎಳೀಬೇಡಿ. ಅದರ ತಳದಲ್ಲಿ, ಅಂದ್ರೆ ಬೆನ್ನಿನ ಕಡೆ, ಎಡಕ್ಕೊಂದು ಬಲಕ್ಕೊಂದು ಕೆನೆ ಬಣ್ಣದ ಚಪ್ಪಟೆ ಪಟ್ಟಿ, ಅಂಚು ಸೊಟ್ಟಸೊಟ್ಟ, ಅದೇ ಟೆಸ್ಟಿಸ್. ಎರಡೂ ಸೇರಿ ಒಂದೆರಡು ಗ್ರಾಂ ತೂಗಿದ್ರೆ ಹೆಚ್ಚು. ಬಿಳಿ ತುಂಬಿ ದಪ್ಪಗಿದ್ರೆ ಮಾಗಿದೆ ಅಂತ, ಗಾಜಿನ ಥರ ಪಾರದರ್ಶಕ ಇದ್ರೆ ವೀರ್ಯ ಇಲ್ಲ, ಸುಮ್ನೆ ಮುಟ್ಟದೆ ಹೊಲಿಗೆ ಹಾಕ್ಬಿಡಿ. ಹಿಂದುಗಡೆ ಬೆರಳಿನಂತೆ ಕಾಣೋದು ಸೆಮಿನಲ್ ವೆಸಿಕಲ್, ಅದನ್ನ ಮತ್ತು ಅಲ್ಲಿಂದ ಹೋಗೋ ನಾಳವನ್ನ ಯಾವ ಕಾರಣಕ್ಕೂ ಮುಟ್ಬೇಡಿ.

ಒಂದೇ ಕಡೆಯದ್ದು ತೆಗೀರಿ, ಅದರಲ್ಲೂ ಮುಂದಿನ ಮೂರನೇ ಎರಡು ಭಾಗ ಮಾತ್ರ. ಕತ್ತರಿಸೋ ಜಾಗಕ್ಕೆ ಆರ್ಟರಿ ಫೋರ್ಸೆಪ್ಸ್ ಕಚ್ಚಿಸಿ ಒಂದೆರಡು ನಿಮಿಷ ಹಿಡಿದಿಟ್ಟು ಆಮೇಲೆ ಅದರ ಮುಂದೆ ಕತ್ತರಿ ಹಾಕಿ, ಬಿಚ್ಚಿದಾಗ ರಕ್ತ ಜಿನುಗ್ತಿದ್ರೆ ಗಾಜ್ ಬಟ್ಟೆಯಿಂದ ಒತ್ತಿ ಹಿಡೀರಿ. ಉಳಿಸಿದ ತುಂಡಿನಿಂದ ಟೆಸ್ಟಿಸ್ ಮತ್ತೆ ಬೆಳೆಯೋದನ್ನ ಆಫ್ರಿಕನ್ ಕ್ಯಾಟ್‌ಫಿಶ್ಶಲ್ಲಿ ಕಂಡಿದ್ದಾರೆ. ಎರಡೂ ಕಡೆ ಪೂರ್ತಿ ಕಿತ್ತುಬಿಟ್ರೆ ಬೆಳೆಯೋಕೆ ಏನೂ ಉಳಿದಿರಲ್ಲ, ಬದುಕಿದ್ರೂ ಆ ಗಂಡು ಗಂಡಲ್ಲ.

ಹೊಲಿಗೆ

ಇಷ್ಟು ಚಿಕ್ಕ ಮೀನಿಗೆ ಪದರ ಪದರ ಹೊಲಿಯೋ ಅಗತ್ಯ ಇಲ್ಲ, ಚರ್ಮ, ಮಾಂಸ, ಪೊರೆ ಎಲ್ಲಾ ಸೇರಿಸಿ ಬಿಡಿ ಬಿಡಿ ಹೊಲಿಗೆ ಹಾಕಿ. ಮೊದಲನೇದು ನಡುವಿಗೆ, ಆಮೇಲೆ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಆ ಕಡೆ ಈ ಕಡೆ, ಒಟ್ಟು ನಾಲ್ಕು ಐದು ಆಗತ್ತೆ. ಸೂಜಿ ಒಳಗೆ ಹೋಗುವಾಗ ಕರುಳು ಸಿಕ್ಕಿಹಾಕ್ಕೊಳ್ದಂಗೆ ಫೋರ್ಸೆಪ್ಸಲ್ಲಿ ಅಂಚು ಎತ್ತಿ ಹಿಡ್ಕೊಳ್ಳಿ. ಗಂಟು ಬಿಗಿಯೋದ್ರಲ್ಲೇ ಎಲ್ಲಾ ಇರೋದು: ಎರಡು ಅಂಚು ಒಂದಕ್ಕೊಂದು ತಾಗಿದ್ರೆ ಸಾಕು. ದಾರದ ಕೆಳಗೆ ಚರ್ಮ ಬೆಳ್ಳಗಾಯ್ತು ಅಂದ್ರೆ ಬಿಗಿ ಜಾಸ್ತಿ, ನಾಳಿದ್ದಿಗೆ ಅಲ್ಲಿ ಕೊಳೆತು ದಾರ ಹರ್ಕೊಂಡು ಬರತ್ತೆ, ಆ ಗಂಟು ಕತ್ತರಿಸಿ ಹೊಸದಾಗಿ ಹಾಕಿ. ಮೇಲೆ ಅಯೋಡಿನ್ ಒಂದು ಹನಿ. ಬ್ಲೇಡು ಇಟ್ಟಾಗಿಂದ ಇಲ್ಲಿವರೆಗೆ ಹತ್ತು ನಿಮಿಷದ ಒಳಗೆ ಮುಗೀಬೇಕು.

ತೆಗೆದ ತುಂಡಿನ ಕೆಲಸ

ಇದನ್ನ ಇನ್ನೊಬ್ರು ನೋಡ್ಕೋಬೇಕು, ಹೊಲಿಗೆ ಹಾಕೋರು ಇತ್ತ ತಿರುಗಬಾರದು. ತುಂಡನ್ನ ಒಣ ಗಾಜ್ ಮೇಲೆ ಹೊರಳಿಸಿ ರಕ್ತ ತೆಗೆದು ಒಣ ಪೆಟ್ರಿ ಡಿಶ್ಶಲ್ಲಿ ಹಾಕಿ ಐಸ್ ಬಾಕ್ಸಲ್ಲಿಡಿ, ಐಸಿಗೆ ನೇರ ತಾಗಬಾರದು. ಮಾಮೂಲಿ ನೀರು ಒಂದು ಹನಿ ಬಿದ್ರೂ ವೀರ್ಯಾಣು ಓಡೋಕೆ ಶುರು ಮಾಡಿ ಒಂದು ನಿಮಿಷದ ಆಸುಪಾಸಲ್ಲಿ ಸುಸ್ತಾಗಿ ನಿಲ್ತಾವೆ, ಸಲೈನಲ್ಲಿ ಮಾತ್ರ ಸುಮ್ನಿರ್ತಾವೆ. ಹೆಣ್ಣಿನ ಮೊಟ್ಟೆ ಇಳಿಯೋ ಹೊತ್ತಿಗೆ ತುಂಡನ್ನ ಕತ್ತರೀಲಿ ಸಣ್ಣಗೆ ಕೊಚ್ಚಿ, ಸಲೈನ್ ಹಾಕಿ ಅರೆದು, ನುಣ್ಣನೆ ಜಾಲರೀಲಿ ಸೋಸಿ. ಮೈಕ್ರೋಸ್ಕೋಪ್ ಇದ್ರೆ ಒಂದು ಹನಿಗೆ ಒಂದು ಹನಿ ನೀರು ಸೇರಿಸಿ ನೋಡಿ, ಇಡೀ ಜಾಗ ಗಿಜಿಗಿಜಿ ಅನ್ನಬೇಕು. ಮೊಟ್ಟೆ ಮೇಲೆ ಸುರಿದು ಕೋಳಿ ಗರೀಲಿ ಕಲಸಿ, ಆಮೇಲೆ ನೀರು ಹಾಕಿ. ಇಷ್ಟು ತುಂಡು ಒಂದೋ ಎರಡೋ ಹೆಣ್ಣಿಗೆ ಸಾಲತ್ತೆ, ದೊಡ್ಡ ಬ್ಯಾಚಿಗೆ ಸಾಲಲ್ಲ.

ಆಮೇಲಿನ ಮೂರು ವಾರ

ಆಪರೇಷನ್ ಟೇಬಲ್ ಮೇಲೆ ಸಾಯೋ ಮೀನಿಗಿಂತ ಆಮೇಲೆ ತೊಟ್ಟೀಲಿ ಸಾಯೋದೇ ಜಾಸ್ತಿ. ಎಚ್ಚರ ಆಗೋವರೆಗೆ ಏರೇಟರ್ ಇರೋ ಒಳ್ಳೆ ನೀರಲ್ಲಿ ಹಿಡ್ಕೊಂಡಿರಿ, ತಾನಾಗೇ ನೆಟ್ಟಗೆ ಈಜಿದ ಮೇಲೆ ಒಂಟಿ ತೊಟ್ಟಿಗೆ ಬಿಡಿ. ಜೊತೆಗೆ ಇನ್ನೊಂದು ಮೀನು ಬೇಡ, ಗಾಯ ಕಚ್ತಾವೆ. ನೀರು ಒಂದಡಿಗಿಂತ ಜಾಸ್ತಿ ಆಳ ಇರಬಾರದು. ಮಾಗೂರ್ ಗಾಳಿಗೆ ಅಂತ ಮತ್ತೆ ಮತ್ತೆ ಮೇಲೆ ಬರಲೇಬೇಕು, ಮೂರಡಿ ನೀರಲ್ಲಿ ಪ್ರತೀ ಸಲ ಹೊಟ್ಟೆ ತಿರುಚಿ ಮೇಲೇರಿದ್ರೆ ಹೊಲಿಗೆ ಮೇಲೆ ಬೀಳೋ ಎಳೆತ ಲೆಕ್ಕ ಹಾಕಿ. ಸಿಮೆಂಟ್ ತೊಟ್ಟಿಯ ಒರಟು ತಳಕ್ಕೆ ಹೊಟ್ಟೆ ಉಜ್ಜತ್ತೆ, ನುಣುಪಾದ ಪ್ಲಾಸ್ಟಿಕ್ ಅಥವಾ ಫೈಬರ್ ಟಬ್ ವಾಸಿ. ಮೇಲೆ ಬಲೆ, ಅರ್ಧ ಭಾಗಕ್ಕೆ ಗೋಣಿಚೀಲದ ನೆರಳು.

ಮೊದಲ ವಾರ ಲೀಟರಿಗೆ ಎರಡು ಮೂರು ಗ್ರಾಂ ಕಲ್ಲುಪ್ಪು, ದಿನಾ ಅರ್ಧ ನೀರು ಬದಲಾವಣೆ. ಎರಡು ದಿನ ಊಟ ಬೇಡ, ಆಮೇಲೆ ಸ್ವಲ್ಪ ಸ್ವಲ್ಪ. ಆಂಟಿಬಯಾಟಿಕ್ ಬೇಕಾ ಬೇಡ್ವಾ, ಯಾವುದು, ಎಷ್ಟು ಅನ್ನೋದು ಡಾಕ್ಟ್ರು ಹೇಳ್ಬೇಕು. ಮೆಡಿಕಲ್‌ನವನು ಕೊಟ್ಟಿದ್ದು ತಂದು ಸುರೀಬೇಡಿ, ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಥರದ್ದು ಮೀನು ಸಾಕಾಣಿಕೇಲಿ ಬ್ಯಾನ್ ಆಗಿರೋವು. ದಿನಾ ಕೈಗೆತ್ತಿ ಗಾಯ ನೋಡೋ ಚಪಲ ಬೇಡ, ಮೇಲಿಂದ್ಲೇ ನೋಡಿ. ಅಂಚು ತಿಳಿ ಗುಲಾಬಿ ಇದ್ರೆ ಸರಿ. ಹತ್ತಿ ಥರ ಬಿಳಿ ಬೆಳೆದಿದ್ರೆ, ಸುತ್ತ ಕೆಂಪು ಹರಡಿದ್ರೆ, ಮೀನು ಮೂಲೇಲಿ ತಲೆ ಮೇಲೆ ಮಾಡಿ ನೇತಾಡ್ತಿದ್ರೆ ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಿ.

ಎರಡರಿಂದ ಮೂರು ವಾರಕ್ಕೆ ಗಾಯ ಕೂಡ್ಕೊಂಡಿರತ್ತೆ, ನೈಲಾನ್ ತಾನಾಗಿ ಕರಗಲ್ಲ, ಲಘುವಾಗಿ ಮತ್ತು ಬರಿಸಿ ಗಂಟಿನ ಒಂದೇ ಕಡೆ ಕತ್ತರಿಸಿ ಎಳೆದು ತೆಗೀರಿ. ಆಮೇಲೂ ಒಂದು ತಿಂಗಳು ಬೇರೆ ಗಂಡುಗಳ ಜೊತೆ ಬಿಡಬೇಡಿ. ಅದೇ ಸೀಜನ್ನಲ್ಲಿ ಎರಡನೇ ಸಲ ಕುಯ್ಯೋದಂತೂ ಇಲ್ಲವೇ ಇಲ್ಲ, ಮುಂದಿನ ಮುಂಗಾರಿಗೆ ಇನ್ನೊಂದು ಪಕ್ಕ.

ಬದುಕಿದ ಗಂಡು ತರೋ ಹೊಸ ಸಮಸ್ಯೆ

ಒಳ್ಳೆ ಗಂಡು ಕೈಲಿದೆ ಅಂತ ವರ್ಷಾ ವರ್ಷಾ ಅದನ್ನೇ ಎಲ್ಲಾ ಹೆಣ್ಣಿಗೂ ಬಳಸಿದ್ರೆ ನಿಮ್ಮ ಇಡೀ ಸ್ಟಾಕ್ ಅಣ್ಣ ತಂಗಿ ಆಗೋಗತ್ತೆ. ಇದಕ್ಕೊಂದು ಲೆಕ್ಕ ಇದೆ: ಗಂಡು ಗುಣಿಸು ಹೆಣ್ಣು ಗುಣಿಸು ನಾಲ್ಕು, ಅದನ್ನ ಒಟ್ಟು ಸಂಖ್ಯೆಯಿಂದ ಭಾಗಿಸಿ. 2 ಗಂಡು 20 ಹೆಣ್ಣು ಇದ್ರೆ 160 ಭಾಗಿಸು 22, ಬರೋದು ಸುಮಾರು 7. ಅಂದ್ರೆ ತೊಟ್ಟೀಲಿ 22 ಮೀನಿದ್ರೂ ರಕ್ತಸಂಬಂಧದ ಲೆಕ್ಕದಲ್ಲಿ ಏಳೇ ಮೀನು ಇದ್ದಂಗೆ. 10 ಗಂಡು 10 ಹೆಣ್ಣು ಇದ್ರೆ ಅದೇ ಲೆಕ್ಕ 20 ಬರತ್ತೆ. ಹಂಗಾಗಿ ಪ್ರತಿ ಗಂಡಿಗೂ ಪಿಟ್ ಟ್ಯಾಗ್ (ಮೈಯೊಳಗೆ ಇಡೋ ಗುರುತಿನ ನಂಬರ್ ಇರೋ ಚಿಕ್ಕ ಚಿಪ್) ಹಾಕಿ, ದುಡ್ಡಿಲ್ಲ ಅಂದ್ರೆ ತೊಟ್ಟಿಗೆ ನಂಬರ್ ಬರೆದು, ಯಾವ ದಿನ ಯಾವ ಪಕ್ಕ ತೆಗೆದ್ರಿ, ಯಾವ ಹೆಣ್ಣಿಗೆ ಹಾಕಿದ್ರಿ, ಎಷ್ಟು ಮೊಟ್ಟೆ ಒಡೀತು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಒಂದು ಗಂಡಿನ ಮಗಳಾದ ಹೆಣ್ಣುಗಳು ಮರಿ ಮಾಡೋ ವಯಸ್ಸಿಗೆ ಬರೋ ಹೊತ್ತಿಗೆ ಆ ಗಂಡನ್ನ ಬೇರೆ ಹ್ಯಾಚರಿಯವರ ಗಂಡಿನ ಜೊತೆ ಅದಲು ಬದಲು ಮಾಡ್ಕೊಳ್ಳಿ, ಬಂದಿದ್ದನ್ನ ಮೂರು ವಾರ ಬೇರೆ ತೊಟ್ಟೀಲಿ, ಬೇರೆ ಬಲೆ ಬೇರೆ ಬಕೆಟ್ಟಲ್ಲಿ ಇಟ್ಟು ನೋಡಿ ಆಮೇಲೆ ನಿಮ್ಮ ಸ್ಟಾಕಿಗೆ ಸೇರಿಸಿ.

ಮಾಮೂಲಿ ಗಂಡುಗಳನ್ನ ಸಾಯಿಸಲೇಬೇಕಾದಾಗಲೂ ಒದ್ದಾಡಿಸಿ ಕುಯ್ಯೋದು ಬೇಡ, ಅದೇ ಲವಂಗದೆಣ್ಣೆ ಟಬ್ಬಲ್ಲಿ ಡೋಸ್ ನಾಲ್ಕು ಪಟ್ಟು ಏರಿಸಿ, ಕಿವಿರು ನಿಂತು ಹತ್ತು ನಿಮಿಷ ಆದ್ಮೇಲೆ ತಲೆ ಹಿಂದೆ ಚುಚ್ಚಿ ಮೆದುಳು ಕೆಡಿಸಿ ಖಾತ್ರಿ ಮಾಡ್ಕೊಂಡು ಆಮೇಲೆ ತೆರೀರಿ. ಆ ಮೀನನ್ನ ಸಾರಿಗೆ ಹಾಕೋದು, ಸಂತೇಲಿ ಮಾರೋದು ಎರಡೂ ಬೇಡ, ಹಾರ್ಮೋನು ಎಣ್ಣೆ ಎರಡೂ ಮೈಯಲ್ಲಿರತ್ತೆ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿಬಿಡಿ.